ಪಡುವಣದಲ್ಲಿ ಮೂಡಿದ ಹೊತ್ತು

ದೂರ ಇಷ್ಟು ಸಣ್ಣದಾಗಬಾರದಿತ್ತು ಎಂದು ವಜೀರಬೀಗೆ ಅನಿಸಿದ್ದು ಔರಾದದ ಬಸ್ಸು ಕೌಠಾದ ಹತ್ತಿರ ಮಾಂಜ್ರಾ ಸೇತುವೆ ದಾಟುತ್ತಿದ್ದಾಗ. ಕೆಳಗೆ ಹೊಳೆ ತೆಳ್ಳಗೆ, ಯಾವ ಅವಸರವೂ ಇಲ್ಲದೆ ಮಲಗಿತ್ತು. ದಂಡೆಯ ಮೇಲೆ ಕಡಲೆ ಕಿತ್ತ ಹೊಲಗಳು, ತೊಗರಿ ಕಟ್ಟಿಗೆಯ ಬಣವೆಗಳು. ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೂತಿದ್ದ ಅವಳ ತುಟಿಯನ್ನು ಮಧ್ಯಾಹ್ನದ ಗಾಳಿ ಒಣಗಿಸುತ್ತಿತ್ತು. ರೋಜಾದ ಉಪವಾಸದ ದಿನ ತುಟಿ ಒಣಗುವುದೂ ಒಂದು ಪ್ರಾರ್ಥನೆಯೇ ಎಂದು ನಂಬಿದವಳು ಅವಳು, ಆದ್ದರಿಂದ ಮುಖ ತಿರುಗಿಸಲಿಲ್ಲ. ಪಕ್ಕದಲ್ಲಿ ಎದುರು ಮನೆಯ ಶಾಲುಬಾಯಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ನಿದ್ದೆಗೆ ಜಾರಿ, ಪ್ರತಿ ತಗ್ಗಿಗೂ ಎದ್ದು "ಬಂತೇನು ಬೀದರ?" ಎಂದು ಕೇಳಿ ಮತ್ತೆ ಜಾರುತ್ತಿದ್ದಳು. ಹೋದ ವಾರ ಶಾಲುಬಾಯಿಯ ಗಂಡ ಕಾಶೀರಾಮ ವಜೀರಬೀಯ ಬಳೆ ಅಂಗಡಿಯ ಕಟ್ಟೆಗೆ ಬಂದು ಕೂತು, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಓದಿ ಹೇಳಿದ್ದ. "ಆಪಾ, ಬೀದರದಿಂದ ಬೆಂಗಳೂರಿಗೆ ರಸ್ತಾ ಹಿಡಿದು ಹೋದ್ರ ಏಳುನೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಮ್ಯಾಲಿಂದ ವಿಮಾನದಾಗ ಹೋದ್ರ ಐನೂರು ಚಿಲ್ಲರೆ. ಒಂದು ತಾಸು, ಅದರ ಮ್ಯಾಲ ಒಂದು ಚಾ ಕುಡಿಯೋ ಹೊತ್ತು. ಮುಗೀತು ನೋಡ್ರಿ ಬೆಂಗಳೂರು."

"ಹಂಗಾರ ಉಳಿದ ದೂರ ಎಲ್ಲಿ ಹೋತು ಭಾಯಿ?" ಎಂದು ವಜೀರಬೀ ಕೇಳಿದ್ದಳು, ಕೈಯಲ್ಲಿದ್ದ ಹಸಿರು ಬಳೆಯ ಸುತ್ತನ್ನು ಹಾಗೇ ಹಿಡಿದು.

"ಅದು ದೂರ ಅಲ್ರಿ ಆಪಾ. ಡೊಂಕು. ರಸ್ತಾದ ಡೊಂಕು ಅದು."

ಕಾಶೀರಾಮ ನಕ್ಕು ಎದ್ದು ಹೋದ. ಡೊಂಕು ಅವಳ ಹತ್ತಿರವೇ ಉಳಿಯಿತು. ರಮಜಾನಿನ ರಾತ್ರಿಯ ತರಾವೀಹ್ ನಮಾಜಿಗೆ ನಿಂತಾಗಲೂ ಆ ಮಾತು ಮೊಣಕಾಲ ನೋವಿನ ಹಾಗೆ ಒಳಗೆ ಎಲ್ಲೋ ಕುಟುಕುತ್ತಿತ್ತು. ಎಂಟು ವರ್ಷದಿಂದ ಅವಳು "ದೂರ ಆಗ್ತದ ಬೇಟಿ" ಎಂಬ ಒಂದೇ ಮಾತನ್ನು ಮುಸುಕಿನ ಹಾಗೆ ಹೊದ್ದುಕೊಂಡಿದ್ದಳು. ಮಗಳು ನಾಹೀದ ಬೆಂಗಳೂರಿನ ಒಂದು ದವಾಖಾನೆಯಲ್ಲಿ ನರ್ಸು. ವರ್ಷಕ್ಕೊಮ್ಮೆ ಔರಾದಕ್ಕೆ ಬರುತ್ತಾಳೆ, ಹೋಗುವಾಗ "ಅಮ್ಮೀ, ನೀ ಒಮ್ಮಿ ಬಾ" ಅನ್ನುತ್ತಾಳೆ. ದೂರ ಆಗ್ತದ. ಈದಿಗೆ ಬಾ. ದೂರ ಆಗ್ತದ. ನಾಹೀದಳ ಎರಡನೇ ಬಸಿರು ಇಳಿದುಹೋದಾಗ ಅವಳು ಫೋನಿನಲ್ಲಿ ಏನೂ ಕೇಳಿರಲಿಲ್ಲ, ಬರೀ ಉಸಿರಾಡಿದ್ದಳು. ಆ ಉಸಿರಿಗೂ ವಜೀರಬೀ ಅದೇ ಉತ್ತರ ಕೊಟ್ಟಿದ್ದಳು. ರೈಲು ಇತ್ತು, ರಾತ್ರಿ ಬಸ್ಸು ಇತ್ತು, ಕಾಲೂ ಆಗ ಗಟ್ಟಿ ಇದ್ದವು. ಮತ್ತೆ ಯಾಕೆ ಹೋಗಲಿಲ್ಲ ಅಂದರೆ, ಹೇಳಲೂ ನಾಚಿಕೆಯಾಗುವಷ್ಟು ಸಣ್ಣ ಸಂಗತಿ. ಗುಡಿಯಾ ಹುಟ್ಟಿದಾಗ ಬಾಣಂತನಕ್ಕೆ ಹೋಗಿದ್ದಳಲ್ಲ, ಐದನೆಯ ಮಾಳಿಗೆಯ ಮನೆ. ಮಗು ನೋಡಲು ಅಕ್ಕಪಕ್ಕದ ಹೆಣ್ಣುಮಕ್ಕಳು ಬಂದು ಕೂತಿದ್ದರು. ಅವಳು ಕಿಟಕಿಯ ಹತ್ತಿರ ನಿಂತು, "ಇಲ್ಲಿಂದ ನಮ್ಮ ಔರಾದ ಯಾವ ಕಡಿ ಬರ್ತದ?" ಎಂದು ಕೇಳಿದ್ದಳು. ಹೊಸ ಊರಿನಲ್ಲಿ ತನ್ನ ಊರು ಯಾವ ದಿಕ್ಕಿಗೆ ಎಂದು ಗೊತ್ತಾದರೆ ಮನಸ್ಸು ನೆಲಕ್ಕೆ ಕೂಡುತ್ತದೆ, ಅಷ್ಟೇ. ಒಬ್ಬಾಕೆ ನಕ್ಕಳು. ಇನ್ನೊಬ್ಬಾಕೆ ನಕ್ಕಳು. ಆಮೇಲೆ ಹಾಸಿಗೆಯ ಮೇಲಿಂದ ನಾಹೀದ, ತನ್ನ ಹೊಟ್ಟೆಯ ಕೂಸು, ತಾನೂ ನಕ್ಕು, "ಅಮ್ಮೀ, ಔರಾದ ಏನು ಕಿಟಕ್ಯಾಗ ಕಾಣ್ತದೇನು?" ಅಂದಳು. ಅಷ್ಟೇ ಆಗಿದ್ದು. ನಾಹೀದಳಿಗೆ ಅದು ನೆನಪೂ ಇರಲಿಕ್ಕಿಲ್ಲ. ವಜೀರಬೀ ನಾಲ್ಕನೇ ದಿನಕ್ಕೆ ಅಂಗಡಿಯ ನೆಪ ಹೇಳಿ ರೈಲು ಹತ್ತಿದ್ದಳು. ಒಂದು ನಗೆ ಎಷ್ಟು ಹೊತ್ತು ಇರುತ್ತದೆ? ಅದರ ಡೊಂಕು ಎಂಟು ವರ್ಷ ಹರಿಯಿತು.

ಅವಳ ಅಪ್ಪ ಖಾಸಿಂ ಅಲಿ ಭಾಲ್ಕಿ ಟೇಶನ್ನಿನಿಂದ ಹಳ್ಳಿಗಳಿಗೆ ಬಂಡಿ ಹೊಡೆಯುತ್ತಿದ್ದವನು. ಅವನಿಗೆ ಕಿಲೋಮೀಟರು ಗೊತ್ತಿರಲಿಲ್ಲ. ಠಾಣಾ ಕುಶನೂರ ಎಷ್ಟು ದೂರ ಅಂದರೆ "ಎತ್ತಿಗೆ ಒಮ್ಮೆ ನೀರು", ಔರಾದ ಎಷ್ಟು ದೂರ ಅಂದರೆ "ಎರಡು ಸಲ ನೀರು, ಒಂದು ಸಲ ಮೇವು" ಅನ್ನುತ್ತಿದ್ದ. ಮದುವೆಯಾಗಿ ಅವಳು ಔರಾದಕ್ಕೆ ಹೊರಟಾಗ ಬಂಡಿ ಹೊಡೆದವನೂ ಅವನೇ, ಆವತ್ತು ಮಾತ್ರ ಮೂರು ಸಲ ನೀರಿಗೆ ನಿಲ್ಲಿಸಿದ. ಎತ್ತುಗಳು ಮೂರನೇ ಸಲ ನೀರಿಗೆ ಮೂತಿ ಹಚ್ಚದೆ ಸುಮ್ಮನೆ ನಿಂತದ್ದು ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಸ್ಸಿನ ಕಂಡಕ್ಟರು ಸೀಟಿ ಊದಿದ. "ಬಂತೇನು ಬೀದರ?" ಎಂದು ಶಾಲುಬಾಯಿ ಎದ್ದಳು. ಬಂದಿತ್ತು.

ಈ ಸಲ ಕರೆದದ್ದು ನಾಹೀದ ಅಲ್ಲ, ಗುಡಿಯಾ. ಎಂಟು ವರ್ಷದ ಹುಡುಗಿಯ ಮೊದಲನೇ ರೋಜಾ. ಅವರ ಮನೆಗಳಲ್ಲಿ ಮಗು ಮೊದಲ ಸಲ ಉಪವಾಸ ಇಟ್ಟ ದಿನ ಮದುವಣಗಿತ್ತಿಯ ಹಾಗೆ ಹೊಸ ಬಟ್ಟೆ ತೊಡಿಸಿ, ಕೊರಳಿಗೆ ಹೂವಿನ ಹಾರ ಹಾಕಿ, ಹೊತ್ತು ಮುಳುಗುತ್ತಲೇ ಮನೆಯ ಹಿರಿಯರು ಬಾಯಿಗೆ ಖಜೂರ ಇಟ್ಟು ರೋಜಾ ಬಿಡಿಸುತ್ತಾರೆ. "ನಾನಿ, ನೀವೇ ಇಡಬೇಕು," ಎಂದು ಫೋನಿನಲ್ಲಿ ಗುಡಿಯಾ ಹೇಳಿದ್ದಳು, ಬೆಂಗಳೂರಿನ ಶಾಲೆಯ ಕನ್ನಡದಲ್ಲಿ. "ವಿಮಾನದಲ್ಲಿ ಒಂದೇ ಗಂಟೆಯಂತೆ. ಒಂದು ಗಂಟೆ ಅಂದ್ರೆ ದೂರ ಅಲ್ಲ ಅಲ್ವಾ ನಾನಿ?" ಮುಸುಕನ್ನು ಯಾರೋ ತುದಿ ಹಿಡಿದು ಮೆಲ್ಲಗೆ ಎಳೆದ ಹಾಗಾಯಿತು. ಒಬ್ಬಳೇ ಬರಲಾರಳೆಂದು ನಾಹೀದ ಶಾಲು ಮೌಶಿಗೂ ಟಿಕೀಟು ಮಾಡಿಸಿದಳು. ಹೊರಡುವ ದಿನ ನಸುಕಿನಲ್ಲಿ ಸಹರಿಯ ಊಟಕ್ಕೆ ಎದ್ದಾಗ ಮತ್ತೆ ಗುಡಿಯಾಳ ಫೋನು: "ನೀವು ಬರೋ ತನಕ ನಾನು ಬಾಯಿ ತೆರೆಯೋಲ್ಲ. ಆಣೆ, ಖಸಂ." ಪ್ರಯಾಣದಲ್ಲಿ ಇದ್ದವರಿಗೆ ರೋಜಾ ಬಿಡಲು ಮಾಫಿ ಇದೆ, ವಜೀರಬೀಗೆ ಗೊತ್ತಿತ್ತು. ಆದರೂ ಮಗು ಹಸಿದಿರುವಾಗ ತಾನು ಉಂಡು ಹೋಗುವುದು ಹೇಗೆ? ಮಧ್ಯಾಹ್ನ ಮೂರೂವರೆಗೆ ವಿಮಾನ, ಹೊತ್ತು ಮುಳುಗುವ ಮೊದಲೇ ಬೆಂಗಳೂರು. ಲೆಕ್ಕ ಸರಿಯಾಗಿಯೇ ಇತ್ತು.

ಚಿದ್ರಿ ಕಡೆಯ ವಿಮಾನ ನಿಲ್ದಾಣಕ್ಕೆ ಆಟೋದಲ್ಲಿ ಬಂದು ಇಳಿದಾಗ ಇಬ್ಬರೂ ಚಪ್ಪಲಿ ಒರೆಸಿ ಒಳಗೆ ಹೋದರು. ತಪಾಸಣೆಯ ಯಂತ್ರದ ಹೊಟ್ಟೆಯಿಂದ ವಜೀರಬೀಯ ಕೈಚೀಲ ಹೊರಗೆ ಬಂದಾಗ ಖಾಕಿ ತೊಟ್ಟ ಹುಡುಗಿಯೊಬ್ಬಳು ಅದರಿಂದ ಸಣ್ಣ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. "ಇದೇನ್ರಿ ಅಮ್ಮಾ?"

"ಜಮ್‌ಜಮ್ ಅದ ಬೇಟಿ. ಮಕ್ಕಾದ ನೀರು. ಮೊಮ್ಮಗಳಿಗೆ."

"ಒಂದು ಗುಟುಕು ಕುಡಿದು ತೋರಿಸ್ರಿ. ಸಾಕು."

ವಜೀರಬೀಯ ಕೈ ಬಾಟಲಿಯ ಮೇಲೆ ನಿಂತಿತು. ಹಿಂದೆ ಸಾಲು. ಸಾಲಿನಲ್ಲಿ ಬೂಟು ಬಿಚ್ಚಿ ಕೈಯಲ್ಲಿ ಹಿಡಿದ ಗಂಡಸರು. ಎಲ್ಲರ ಕಣ್ಣೂ ತನ್ನ ಬೆನ್ನಿನ ಮೇಲೆ ಎಂದು ಅನಿಸಿತು. ಐದನೆಯ ಮಾಳಿಗೆಯ ಆ ಕಿಟಕಿಯ ಬೆಳಕೇ ಮತ್ತೆ ಮುಖಕ್ಕೆ ಬಡಿಯಿತು. ಕುಡಿದರೆ ರೋಜಾ ಮುರಿಯುತ್ತದೆ. ಬಿಟ್ಟರೆ, ಮಕ್ಕಾದಿಂದ ಇಲ್ಲಿಯ ತನಕ ಬಂದ ನೀರು ಕಸದ ಡಬ್ಬಿಗೆ. ಹಾಗೇ ನಿಂತವಳನ್ನು ಶಾಲುಬಾಯಿ ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು.

"ಆಕಿದು ರೋಜಾ ಅದರಿ ಮೇಡಂ. ನಾ ಕುಡೀತೇನಿ. ಇಬ್ಬರದೂ ಒಂದೇ ಮನಿ ಇದ್ದಂಗ." ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಟಲಿ ತೆಗೆದುಕೊಂಡವಳು ತಟ್ಟನೆ ನಿಂತಳು. "ಬೀ, ಇದು ಯಾ ಕಡಿ ಮಾರಿ ಮಾಡಿ ಕುಡೀಬೇಕು? ನೀವು ಒಂದು ಕಡಿ ನಿಂದ್ರತೀರಿ ಅಲ?"

"ಪಡುವಣಕ್ಕ," ಅಂದಳು ವಜೀರಬೀ, ದನಿ ಇಲ್ಲದ ದನಿಯಲ್ಲಿ. ಆ ಕೋಣೆಗೆ ಕಿಟಕಿ ಇರಲಿಲ್ಲ. ಶಾಲುಬಾಯಿ ಒಂದು ಸುತ್ತು ತಿರುಗಿದಳು. ಖಾಕಿಯ ಹುಡುಗಿಯೂ ಒಂದು ಕ್ಷಣ ಯೋಚಿಸಿ, ಬೆಂಕಿ ನಂದಿಸುವ ಕೆಂಪು ಸಿಲಿಂಡರು ತೂಗುಹಾಕಿದ ಗೋಡೆಯ ಕಡೆ ಬೆರಳು ತೋರಿದಳು. ಸಾಲಿನಲ್ಲಿದ್ದ ಒಬ್ಬ ಮುದುಕ, "ಇಲ್ರಿ, ಸ್ವಲ್ಪ ಬಲಕ್ಕ," ಅಂದ. ಬಲಕ್ಕೆ ತಿರುಗಿ, ಕಣ್ಣು ಮುಚ್ಚಿ, ಭೀಮ ಜಯಂತಿಗೂ ಈದಿಗೂ ಒಂದೇ ಪಾತ್ರೆಯಲ್ಲಿ ಅಡಿಗೆ ಕೊಟ್ಟು ತಂದು ಮಾಡಿದ ಆ ಕೈಗಳಿಂದ ಶಾಲುಬಾಯಿ ಒಂದು ಗುಟುಕು ಕುಡಿದಳು. ಸಾಲು ಕಾದಿತ್ತು. ಯಾರೂ ನಗಲಿಲ್ಲ. ಹುಡುಗಿ ಎರಡೂ ಕೈಯಿಂದ ಬಾಟಲಿ ಮರಳಿ ಕೊಟ್ಟಳು.

"ಏನು ಬೇಡಿಕೊಂಡಿ?" ಎಂದು ವಜೀರಬೀ ಒಳಗೆ ಬಂದ ಮೇಲೆ ಕೇಳಿದಳು. ಆ ನೀರು ಕುಡಿಯುವಾಗ ಬೇಡಿದ್ದು ಸಲ್ಲುತ್ತದೆ.

"ವಿಮಾನ ಬೀಳಬ್ಯಾಡ ಅಂತ. ಮತ್ತೇನು ಬೇಡಲಿ? ನೀರು ಸ್ವಲ್ಪ ಉಪ್ಪದ ಬೀ, ನನ್ನ ತವರು ಕುಶನೂರ ಬಾವಿ ನೀರಿನಂಗ."

ವಿಮಾನ ಬೀಳುವ ಪ್ರಶ್ನೆಯೇ ಬರಲಿಲ್ಲ, ಯಾಕೆಂದರೆ ವಿಮಾನ ಬಂದಿರಲಿಲ್ಲ. ಮೂರೂವರೆ ಆಯಿತು, ನಾಲ್ಕೂವರೆ ಆಯಿತು. ಎಲ್ಲಿಯೋ ಹವೆ ಸರಿಯಿಲ್ಲವಂತೆ, ಅಲ್ಲಿಂದ ಬಿಟ್ಟು ಇಲ್ಲಿಗೆ ಬಂದು ಮತ್ತೆ ಹೊರಡಬೇಕಂತೆ. ಗಾಜಿನ ಆಚೆ ಬಿಸಿಲು ಬಿಳಿಯಿಂದ ಹಳದಿಗೆ, ಹಳದಿಯಿಂದ ಜೋಳದ ರೊಟ್ಟಿಯ ಬಣ್ಣಕ್ಕೆ ತಿರುಗುತ್ತಿತ್ತು. ಶಾಲುಬಾಯಿ, "ಬಸ್ಸಾಗಿದ್ರ ಇಷ್ಟೊತ್ತಿಗೆ ಹುಮನಾಬಾದ ದಾಟತಿದ್ದಿವಿ," ಅಂದಳು. ವಜೀರಬೀ ನಾಹೀದಳಿಗೆ ಫೋನು ಹಚ್ಚಿದಳು. ಮಗುವಿಗೆ ಹೇಳು, ಅಜಾನ್ ಆಗುತ್ತಲೇ ರೋಜಾ ಬಿಡಲಿ, ನನಗಾಗಿ ಕಾಯಬಾರದು, ಹೊತ್ತು ಮುಳುಗಿದ ಮೇಲೆ ತಡ ಮಾಡುವುದು ಸರಿಯಲ್ಲ, ಫೋನು ಕೊಡು ನಾನೇ ಹೇಳುತ್ತೇನೆ.

"ಕೊಡಲಿ ಹ್ಯಾಂಗ ಅಮ್ಮೀ? ಕಿವ್ಯಾಗ ಬೆರಳು ಇಟಕೊಂಡು ಕೂತಾಳ. ನಾನಿ ತಿನ್ನು ಅಂದ್ರ ತಿನ್ನಬೇಕಾಗ್ತದ, ಅದಕ್ಕ ನಾ ಮಾತೇ ಆಡಲ್ಲ ಅಂತಾಳ. ತುಟಿ ನೋಡಬೇಕು ಆಕಿದು, ಒಣಗಿ ಬಿಳಿ ಆಗ್ಯಾವ. ನಾ ಹೇಳಿದ್ದು ಒಂದೂ ಕೇಳವಲ್ಲಳು. ಯಾರ ಹಟ ಬಂದದೋ ಏನೋ."

ನಾಹೀದ ನಗುತ್ತಲೇ ಹೇಳಿದ್ದು. ಆದರೆ ಫೋನು ಇಟ್ಟ ಮೇಲೆ ವಜೀರಬೀ ತನ್ನ ಕೈಗಳನ್ನು ನೋಡುತ್ತ ಕೂತಳು. ಹೆಣ್ಣುಮಕ್ಕಳ ಮಣಿಕಟ್ಟು ಹಿಡಿದು, ಎಲುಬನ್ನು ಮೆತ್ತಗೆ ಒತ್ತಿ, ಎಷ್ಟು ಸಣ್ಣ ಬಳೆಯನ್ನೂ ನೋಯಿಸದೆ ಏರಿಸುವ ಕೈಗಳು. ಯಾರ ಹಟ ಎಂದು ಅವಳಿಗೆ ಗೊತ್ತಿಲ್ಲವೇ? ಒಂದು ನಗೆಗಾಗಿ ಎಂಟು ವರ್ಷ ಬಾಯಿ ಮುಚ್ಚಿ ಕೂತವಳ ರಕ್ತ ಅದು. ಅಲ್ಲಿ ಮಗು ಹಸಿದು ಕೂತಿದೆ. ವಿಮಾನ ಈಗ ಬಂದರೂ ಹೊತ್ತು ಮುಳುಗಿ ಎಷ್ಟೋ ಹೊತ್ತಿನ ಮೇಲೆ ತಾನು ಮುಟ್ಟುವುದು. ಅಷ್ಟು ಹೊತ್ತು ಆ ಎಳೇ ಗಂಟಲು ತನ್ನ ಹೆಸರಿನಲ್ಲಿ ಒಣಗುತ್ತದೆ. ನನಗೆ ಶಿಕ್ಷೆ ಕೊಡುವುದಿದ್ದರೆ ನನಗೇ ಕೊಡು ಯಾ ಅಲ್ಲಾ, ಮಗುವಿನ ಗಂಟಲಿನಿಂದ ಯಾಕೆ?

ಕೊನೆಗೂ ಕರೆದರು. ಕಿಟಕಿಯ ಹತ್ತಿರ ವಜೀರಬೀ, ಪಕ್ಕದಲ್ಲಿ ಶಾಲುಬಾಯಿ. "ನಾಗಪುರಕ್ಕ ದೀಕ್ಷಾಭೂಮಿಗೆ ಎಷ್ಟು ಸಲ ಹೋಗೀನಿ, ರೈಲಿನ್ಯಾಗ ಸಂಡಾಸದ ಬಾಗಿಲಿಗೆ ಒರಗಿ ನಿಂತು," ಎಂದಳು ಶಾಲುಬಾಯಿ, ಪಟ್ಟಿ ಬಿಗಿಸಿಕೊಳ್ಳುತ್ತ. "ಇಲ್ಲಿ ನೋಡು, ಓಡಿ ಹೋಗ್ತಾರ ಅಂತ ಕುರ್ಚಿಗೇ ಕಟ್ಟತಾರ." ಗಗನಸಖಿ ಬಂದು ಕೈಚೀಲವನ್ನು ಮುಂದಿನ ಸೀಟಿನ ಕೆಳಗೆ ತಳ್ಳಿದಳು. ವಿಮಾನ ಹರಿದಾಡಿ ಹರಿದಾಡಿ ದಾರಿಯ ತುದಿಗೆ ಹೋಗಿ ನಿಂತಿತು. ವಜೀರಬೀಯ ಕಿಟಕಿಯಲ್ಲಿ ಪಡುವಣ ತುಂಬಿತ್ತು. ದೂರದ ಬೇವಿನ ಮರಗಳ ಹಿಂದೆ ಹೊತ್ತು ಇಳಿಯುತ್ತಿತ್ತು. ಅರ್ಧ ಉಳಿಯಿತು, ಉಗುರಿನಷ್ಟು ಉಳಿಯಿತು, ಹೋಯಿತು. ಬಿಸ್ಮಿಲ್ಲಾ ಎಂದು ಕೈಚೀಲದಲ್ಲಿದ್ದ ಖಜೂರಕ್ಕೆ ಬಗ್ಗಿದಳು. ಪಟ್ಟಿ ಹೊಟ್ಟೆಯನ್ನು ಹಿಡಿದು ಬಗ್ಗಗೊಡಲಿಲ್ಲ. ಚೀಲಕ್ಕೂ ಬೆರಳಿಗೂ ನಡುವೆ ಒಂದು ಗೇಣು. ಅಷ್ಟರಲ್ಲಿ ವಿಮಾನ ಒದರಿತು, ಓಡಿತು, ಬೆನ್ನು ಸೀಟಿಗೆ ಅಂಟಿತು. ನೆಲ ಕೈ ಬಿಟ್ಟಿತು. ಬೀದರದ ಮಾಳಿಗೆಗಳು, ಕೋಟೆಯ ಗೋಡೆ, ಅಷ್ಟೂರಿನ ಗುಮ್ಮಟಗಳು ಒಂದು ಕಡೆ ವಾಲಿ, ಯಾರೋ ತಟ್ಟೆ ಓರೆ ಮಾಡಿದ ಹಾಗೆ ಜಾರಿದವು. ಅವಳು ಕಣ್ಣು ಮುಚ್ಚಿ ತೆರೆದಳು.

ಪಡುವಣದಲ್ಲಿ ಹೊತ್ತು ಮೂಡುತ್ತಿತ್ತು.

ಮೊದಲು ಉಗುರಿನಷ್ಟು. ಆಮೇಲೆ ಅರ್ಧ. ಮುಳುಗಿದ ಕಡೆಯಿಂದಲೇ, ಕೆಂಪಗೆ, ತೊಳೆದ ಹಾಗೆ, ಪೂರಾ ಎದ್ದು ಬಂದು ಅವಳ ಮುಖದ ಮೇಲೆ ಬೆಳಕು ಚೆಲ್ಲಿತು. ಭಾಲ್ಕಿಯ ಮನೆಯ ಅಂಗಳದಲ್ಲಿ ಅಜ್ಜಿ ಬಿಸ್ಮಿಲ್ಲಾಬೀ, ಹೊರಸಿನ ಮೇಲೆ ಕಾಲು ಚಾಚಿ, ಮೊಮ್ಮಕ್ಕಳಿಂದ ಕಾಲು ಒತ್ತಿಸಿಕೊಳ್ಳುತ್ತ ಹೇಳುತ್ತಿದ್ದಳು. ಹೊತ್ತು ದಿನಾ ಮುಳುಗಿದ ಮೇಲೆ ಎಲ್ಲಿ ಹೋಗ್ತದ ಗೊತ್ತದೇನು? ಮಾಲೀಕನ ಸಿಂಹಾಸನದ ಕೆಳಗ ಹೋಗಿ ತಲಿ ಬಗ್ಗಸ್ತದ. ಹುಜೂರ್, ನಾಳಿ ಮೂಡಲೇನು ಅಂತ ಕೇಳ್ತದ. ಮೂಡು ಅಂತ ಹುಕುಂ ಆಗ್ತದ. ಹೀಂಗ ದಿನಾ. ಒಂದು ದಿನ ಮಾತ್ರ ಹುಕುಂ ಆಗಲ್ಲ. ಬಂದ ದಾರಿಗೆ ವಾಪಸ್ ಹೋಗು ಅಂತಾನ. ಆವತ್ತು ಹೊತ್ತು ಪಡುವಣಕ್ಕ ಮೂಡ್ತದ. ಆವತ್ತಿಗೆ ತೌಬಾದ ಬಾಗಲಾ ಮುಚ್ಚತು. ಆಮ್ಯಾಲ ಎಷ್ಟು ಅತ್ತರೂ, ತಪ್ಪಾತು ಅಂದರೂ ಕೇಳೋರಿಲ್ಲ. ಅದಕ್ಕ ಯಾರ ಹತ್ತಿರ ಮಾಫಿ ಕೇಳೋದದ ಇವತ್ತೇ ಕೇಳಿ ಮಲಗ್ರಿ ಮಕ್ಕಳೇ. ಮಕ್ಕಳು ಅಲ್ಲೇ ಒಬ್ಬರಿಗೊಬ್ಬರು ಮಾಫಿ ಕೇಳಿ, ಒಬ್ಬರ ಕಾಲು ಒಬ್ಬರು ಚಿವುಟಿ, ನಗುತ್ತ ಮಲಗುತ್ತಿದ್ದರು. ಈಗ ವಜೀರಬೀಗೆ ನಗು ಬರಲಿಲ್ಲ. ಇಷ್ಟು ಬೇಗ? ಇನ್ನೊಂದು ತಾಸು ತಡೆದಿದ್ದರೆ ಮುಟ್ಟುತ್ತಿದ್ದೆನಲ್ಲ. ಒಂದೇ ತಾಸಿನ ದಾರಿ ಉಳಿದಿತ್ತಲ್ಲ, ನಾಹೀದಳ ಕೈ ಹಿಡಿದು ಒಂದು ಮಾತು ಹೇಳುವುದಿತ್ತಲ್ಲ! ಬಾಗಿಲು ಮುಚ್ಚಿತೇ? ಅವಳು ಶಾಲುಬಾಯಿಯ ಮಣಿಕಟ್ಟನ್ನು ಹಿಡಿದ ಬಿಗಿಗೆ ಎರಡು ಗಾಜಿನ ಬಳೆ ಪಟ್ಟನೆ ಮುರಿದವು.

"ಅಯ್ಯ, ಏನಾತ?"

"ಶಾಲು... ಹೊತ್ತು... ಪಡುವಣಕ್ಕ ಹೊತ್ತು ಮೂಡ್ಯದ..."

ಶಾಲುಬಾಯಿ ಅವಳ ಮೇಲೆ ಹಾಯ್ದು ಕಿಟಕಿಯಲ್ಲಿ ಇಣುಕಿದಳು. ನೋಡಿದಳು. ಆಮೇಲೆ ವಜೀರಬೀಯ ಮುಖ ನೋಡಿದಳು. "ಏ ಹುಚ್ಚಿ," ಅಂದಳು ಮೆಲ್ಲಗೆ, "ಹೊತ್ತೆಲ್ಲಿ ಮೂಡ್ತದ? ನಾವು ಮೂಡೀವಿ!"

ಆ ಮಾತು ಒಳಗೆ ಇಳಿಯಲು ಒಂದು ಕ್ಷಣ ಹಿಡಿಯಿತು. ಇಳಿದ ಮೇಲೆ ಹೊಟ್ಟೆಯ ತಳದಿಂದ ನಗು ಎದ್ದಿತು, ಉಪವಾಸದ ಖಾಲಿ ಹೊಟ್ಟೆಯ ನಗು, ತಡೆದರೆ ಕಣ್ಣಿನಿಂದ ಬರುವ ನಗು. ನಾವು ಮೂಡೀವಿ. ಔರಾದದ ಬಳೆಗಾರ್ತಿ, ಕುಶನೂರಿನ ಶಾಲು, ಇಬ್ಬರು ಮುದುಕಿಯರು ಸೀದಾ ಹೊತ್ತಿನ ಎದುರಿಗೆ ಮೂಡಿ ಕೂತಿದ್ದಾರೆ. ಗಗನಸಖಿ ಅಲ್ಲಿಂದಲೇ ಕತ್ತು ಉದ್ದ ಮಾಡಿ ನೋಡಿದಳು. ಶಾಲುಬಾಯಿ ಮುರಿದ ಬಳೆಯ ಚೂರು ಆರಿಸುತ್ತ, "ಹೊಸಾವು ಇಡಸಬೇಕು ನೋಡು, ನಿನ್ನ ಕೈಲೇ," ಅಂದಳು.

ನಗು ಇಳಿದ ಮೇಲೂ ಹೊತ್ತು ಇಳಿದಿರಲಿಲ್ಲ. ಪಟ್ಟಿ ಬಿಚ್ಚಬಹುದು ಎಂದ ಮೇಲೆ ಶಾಲುಬಾಯಿ ಚೀಲ ಎತ್ತಿ ಖಜೂರ ತೆಗೆದು ಕೊಟ್ಟಳು. "ತಿನ್ನು. ಕೆಳಗ ಮುಳುಗಿದ್ದು ನಾ ಕಣ್ಣಾರೆ ನೋಡೀನಿ. ಯಾರ ಕೇಳಿದ್ರೂ ಸಾಕ್ಷಿ ಹೇಳ್ತೇನಿ."

"ಎದುರಿಗೆ ಹೊತ್ತು ಇಟಕೊಂಡು ಹ್ಯಾಂಗ ತಿನ್ನಲಿ? ಅದೂ ನೋಡ್ತದ, ನಾನೂ ನೋಡ್ತೇನಿ."

"ಹಂಗಾರ ಪರದೆ ಎಳೀತೇನಿ ತಡಿ."

"ಸುಮ್ಕಿರು ಶಾಲು. ಮುಳಗಲಿ. ಅವಸರಿಲ್ಲ."

ನಿಜಕ್ಕೂ ಅವಸರವಿರಲಿಲ್ಲ. ಹಸಿವು ಎಲ್ಲಿಯೋ ಹಿಂದೆ ಉಳಿದಿತ್ತು. ಕೆಳಗೆ ಕತ್ತಲು ತಗ್ಗುಗಳಲ್ಲಿ ನೀರಿನ ಹಾಗೆ ತುಂಬುತ್ತಿತ್ತು, ಊರುಗಳು ಒಂದೊಂದೇ ದೀಪ ಹಚ್ಚುತ್ತಿದ್ದವು. ಅಲ್ಲೆಲ್ಲ ಅಜಾನ್ ಆಗಿರಬೇಕು. ಆ ಪ್ರತಿ ದೀಪದ ಕೆಳಗೂ ಯಾರೋ ಮೊದಲ ಗುಟುಕು ನೀರು ಕುಡಿದು ಉಸ್ಸಪ್ಪ ಅನ್ನುತ್ತಿರಬೇಕು. ಮುಗಿದ ದಿನದ ಮೇಲೆ ಒಂದು ತುಂಡು ದಿನ, ಹಿಡಿಯಷ್ಟು, ಅವಳೊಬ್ಬಳ ಮಡಿಲಿಗೆ ಬಿದ್ದಿತ್ತು. ಯಾಕೆ ಕೊಟ್ಟೆ ಇದನ್ನು ಎಂದು ಅವಳು ಕೇಳಿದಳು. ಕೇಳುತ್ತಲೇ ಗೊತ್ತಾಯಿತು. ಬಾಗಿಲು ಮುಚ್ಚಿತು ಎಂದು ಹೆದರಿದವಳಿಗೆ ಬಾಗಿಲು ಇನ್ನೂ ತೆರೆದಿದೆ ಎಂದು ತೋರಿಸಲಿಕ್ಕೆ, ಅಷ್ಟೇ. ಆಗ ಅವಳು ಬೇಡಿದಳು. ನಾಹೀದಳ ಆ ಉಸಿರು ನೆನೆದು ಬೇಡಿದಳು. ದೂರ ಇರಲಿಲ್ಲ, ನಾನೇ ಡೊಂಕಾಗಿದ್ದೆ. ಮಾಫ್ ಮಾಡು, ಅವಳಿಂದಲೂ ಮಾಫ್ ಮಾಡಿಸು. ಆಮೇಲೆ ಗುಡಿಯಾ. ಆ ಒಣಗಿದ ತುಟಿ. ಕಿವಿಯಲ್ಲಿ ಬೆರಳಿಟ್ಟುಕೊಂಡು ಕೂತ ಹಟಮಾರಿ. ರೋಜಾ ಬಿಡುವ ಹೊತ್ತಿಗೆ ಬೇಡಿದ ಒಂದು ಮಾತು ತಿರುಗಿ ಬರುವುದಿಲ್ಲ ಎನ್ನುತ್ತಾರೆ. ತನಗೆ ಇರುವ ಆ ಒಂದು ಮಾತನ್ನು ವಜೀರಬೀ ಅಲ್ಲಿಗೇ ಹಾಕಿದಳು. ಯಾ ಅಲ್ಲಾ, ಆಕೆ ನನಗಾಗಿ ಕಾಯದಿರಲಿ. ಆಕೆಯ ಖಸಂ ಮುರಿಯಲಿ. ಮಾತಿಗೆ ತಪ್ಪಲಿ ಆ ಹುಡುಗಿ. ಯಾವ ನಾನಿಯಾದರೂ ಮೊಮ್ಮಗಳು ಮಾತಿಗೆ ತಪ್ಪಲಿ ಎಂದು ಬೇಡಿಯಾಳೇ ಎಂದು ತನಗೇ ನಗು ಬಂತು. ಆದರೂ ಕೈ ಕೆಳಗಿಳಿಸಲಿಲ್ಲ. ಹೊತ್ತು ಎರಡನೇ ಸಲ ಮುಳುಗಿತು, ಈ ಸಲ ಮರಗಳ ಹಿಂದೆ ಅಲ್ಲ, ಲೋಕದ ಅಂಚಿನಲ್ಲಿ, ಯಾವ ಸದ್ದೂ ಇಲ್ಲದೆ. ವಜೀರಬೀ ಒಂದು ಗುಟುಕು ಜಮ್‌ಜಮ್ ಕುಡಿದು ಖಜೂರ ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಶಾಲುಬಾಯಿಗೆ ಕೊಟ್ಟರೆ ಅವಳು ಗಬಗಬನೆ ತಿಂದಳು. ಮುಂಜಾನೆಯಿಂದ ಅವಳೂ ಉಂಡಿರಲಿಲ್ಲ.

"ನೀ ಯಾಕ ಉಪಾಸ?"

"ನಿನ್ನ ಎದುರಿಗೆ ಕೂತು ಹ್ಯಾಂಗ ತಿನ್ನಲಿ? ನಡುವ ಒಂದು ಗುಟುಕು ಕುಡಿದೀನಿ, ಅದು ಸರ್ಕಾರಿ ಕೆಲಸ, ಲೆಕ್ಕಕ್ಕಿಲ್ಲ."

ಬೆಂಗಳೂರು ಕೆಳಗೆ ಬಂತು, ಯಾರೋ ದೀಪದ ಗೋಣಿ ಕೊಡವಿದ ಹಾಗೆ. ಇಳಿದರು, ನಡೆದರು, ಮೆಟ್ಟಿಲು ತಾನೇ ನಡೆಯುವ ಜಾಗದಲ್ಲಿ ಇಬ್ಬರೂ ಕೈ ಹಿಡಿದು ಹಾರಿದರು. ದಾರಿಯುದ್ದಕ್ಕೂ ವಜೀರಬೀಯ ಕಣ್ಣು ಮುಂದೆ, ಮನಸ್ಸು ಅದಕ್ಕಿಂತ ಮುಂದೆ. ಮಗು ಹೇಗಿದೆಯೋ, ನಿಂತಿದೆಯೋ ಕೂತಿದೆಯೋ, ತಲೆ ತಿರುಗಿ ಬಿದ್ದಿದೆಯೋ. ಹೊರಗೆ ಕಟಕಟೆಯ ಆಚೆ ಜನ. ನಾಹೀದ ಕಂಡಳು, ಸ್ವಲ್ಪ ದಪ್ಪ ಆಗಿದ್ದಾಳೆ, ಕಣ್ಣಿನ ಕೆಳಗೆ ಕಪ್ಪು. ಕೈ ಎತ್ತಿದಳು. ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ವಜೀರಬೀ ಜನರನ್ನು ಸರಿಸಿ ಮುಂದೆ ನುಗ್ಗಿದಳು. "ಕೂಸು ಎಲ್ಲಿ? ಏನಾಗ್ಯದ ಆಕಿಗಿ?"

ನಾಹೀದ ಬೆರಳಿನಿಂದ ತನ್ನ ಬೆನ್ನಿನ ಹಿಂದೆ ತೋರಿಸಿದಳು. ಅಮ್ಮನ ಬುರಖಾದ ಮಡಿಕೆಯಲ್ಲಿ ಮುಖ ಹುದುಗಿಸಿ ನಿಂತ ಜರಿ ಲಂಗ, ನಲುಗಿದ ಗುಲಾಬಿ ಹಾರ, ಮೆಹಂದಿಯ ಸಣ್ಣ ಕೈ. ಹೊರಗೆ ಬರಲೊಲ್ಲದು. ಬಿಕ್ಕುತ್ತಿದೆ.

"ಒಂದು ತಾಸಿನಿಂದ ಹೀಂಗೇ ಅಮ್ಮೀ. ಇಡೀ ದಿನ ಏನು ಹಟ, ಏನು ಖಸಂ! ಕಾರಿನ್ಯಾಗ ಬರುವಾಗ ಎಲ್ಲೋ ಮಸೀದ್ಯಾಗ ಅಜಾನ್ ಸುರು ಆತು ನೋಡು, ಮೊದಲನೇ ಅಲ್ಲಾಹು ಅನ್ನೋದ್ರಾಗ ಡಬ್ಬಿ ತೆಗೆದು ಮೂರು ಖಜೂರ ಒಮ್ಮಿಗೇ ಬಾಯಾಗ. ಬೀಜ ಸಹಿತ ಉಗಳಲಿಲ್ಲ. ತಿಂದ ಮ್ಯಾಲ ನೆನಪಾತು, ಅಳ್ಳಾಕ ಹತ್ತಿದಳು. ನಾನಿಗೆ ಮಾತು ಕೊಟ್ಟಿದ್ದೆ, ನಾನಿ ಸಿಟ್ಟಾಗ್ತಾರ, ಇನ್ನ ಯಾವತ್ತೂ ಬರಲ್ಲ ಅಂತ."

ಇನ್ನು ಯಾವತ್ತೂ ಬರಲ್ಲ. ವಜೀರಬೀ ಮೊಣಕಾಲಿನ ನೋವನ್ನು ಮರೆತು, ಅಷ್ಟು ಜನರ ನಡುವೆ, ಚಕ್ರದ ಪೆಟ್ಟಿಗೆಗಳು ಎರಡೂ ಕಡೆ ಹರಿದು ಹೋಗುತ್ತಿದ್ದ ಆ ನುಣುಪು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಬುರಖಾದ ಮಡಿಕೆ ಸರಿಸಿದಳು. ಎರಡು ಕಣ್ಣು, ತೊಯ್ದ ಕೆನ್ನೆ, ಕೆನ್ನೆಯ ಮೇಲೆ ಖಜೂರದ ಕಂದು ಅಂಟು.

"ನಾನಿ, ನಾನು ಕಾಯಲಿಲ್ಲ."

"ಗೊತ್ತದ."

"ಸಿಟ್ಟು ಬಂತಾ?"

ಏನು ಹೇಳುವುದು ಈ ಮಗುವಿಗೆ? ನೀನು ಡಬ್ಬಿ ತೆರೆದ ಹೊತ್ತಿಗೆ ನಾನು ಮುಳುಗದ ಹೊತ್ತಿನ ಎದುರು ಕೈ ಎತ್ತಿ ಕೂತಿದ್ದೆ, ಬೇಡಿದ್ದು ಬಾಯಿಂದ ಹೊರಡುವ ಮೊದಲೇ ನಿನ್ನ ಬಾಯಿಗೆ ಮುಟ್ಟಿತ್ತು ಎಂದೇ? ಅಲ್ಲಿಂದ ಇಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತು, ಯಾರು ಅಳೆದಾರು! ಅವಳು ಸೆರಗಿನಿಂದ ಆ ಕೆನ್ನೆ ಒರೆಸಿದಳು. ಮೇಲೆ ನೋಡಿದರೆ ನಾಹೀದ. ಅಮ್ಮ ಹೀಗೆ ನೆಲದ ಮೇಲೆ ಕೂತದ್ದನ್ನು ನೋಡುತ್ತ ನಿಂತವಳು ತಾನೂ ಮೆಲ್ಲಗೆ ಕೂತಳು, ಅಮ್ಮನ ಭುಜಕ್ಕೆ ಹಣೆ ಹಚ್ಚಿದಳು. ಮಾತು ಆಮೇಲೆ ಆಗಬಹುದು, ರಮಜಾನ್ ಇನ್ನೂ ಅರ್ಧ ಉಳಿದಿತ್ತು. ಶಾಲುಬಾಯಿ ನಾಲ್ಕೂ ಚೀಲ ಕಾಯುತ್ತ, "ಏಳ್ರವ್ವಾ, ಮಂದಿಗೆ ದಾರಿ ಬಿಡ್ರಿ," ಎಂದು ಹೇಳಿ, ಯಾರೂ ಏಳದ್ದನ್ನು ನೋಡಿ ತಾನೇ ಅಡ್ಡ ನಿಂತು ಮಂದಿಯನ್ನು ಆಚೆ ಕಡೆಗೆ ಕಳಿಸತೊಡಗಿದಳು.

"ಸಿಟ್ಟಿಲ್ಲ," ಅಂದಳು ವಜೀರಬೀ. "ನನಗ ಭಾಳ ಖುಷಿ ಆಗ್ಯದ."

ಗುಡಿಯಾ ಅವಳ ಮುಖವನ್ನು ಒಂದು ಕಡೆಯಿಂದ, ಇನ್ನೊಂದು ಕಡೆಯಿಂದ ಪರೀಕ್ಷಿಸಿ ನೋಡಿದಳು. ಖುಷಿ ನಿಜದ್ದೇ ಎಂದು ಗೊತ್ತಾಗಿರಬೇಕು. ಮೂಗು ಎಳೆದುಕೊಂಡು, ನಾನಿಯ ಮಡಿಲಿಗೆ ಹತ್ತಿ ಕೂತು, ಕಿವಿಗೆ ಬಾಯಿ ಹಚ್ಚಿ ಕೇಳಿದಳು:

"ಹಾಗಾದ್ರೆ ಸಮೋಸಾ ಕೂಡ ತಿನ್ನಬಹುದಾ ಈಗ?"